ಈ ಎಲೆ ಕಡಿದದ್ದು ಯಾರು?

ಕಳೆದ ತಿಂಗಳು ಆಫೀಸಿನ ಕ್ಯಾಂಟೀನಿನಲ್ಲಿ ಗೆಳೆಯನೊಬ್ಬ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದು, ‘ಹೇಗುಂಟು?’ ಅಂದ. ಪಣಂಬೂರಿನ ಸೂರ್ಯಾಸ್ತ. ನಾನು ‘ಸೂಪರ್ ಮಾರಾಯ’ ಅಂದು ನನ್ನ ನೀರುದೋಸೆಗೆ ವಾಪಸಾದೆ. ಅವನಿಗೂ ಖುಷಿ, ನನ್ನ ಕೆಲಸವೂ ಮುಗಿಯಿತು. ಆಮೇಲೆ ಡೆಸ್ಕಿನಲ್ಲಿ ಕೂತಾಗ ಒಂದು ಸಂಶಯ ಬಂತು: ನಾನು ಆ ಚಿತ್ರವನ್ನು ನೋಡಿದ್ದೇ ಹೌದಾ? ಕಡಲಿನ ಗೆರೆ ವಾಲಿತ್ತೋ ನೆಟ್ಟಗಿತ್ತೋ? ದೋಣಿ ಇತ್ತೋ ಇಲ್ಲವೋ? ಒಂದೂ ನೆನಪಿಲ್ಲ. ಕೋಡ್ ರಿವ್ಯೂ ಮಾಡುವಾಗ ಹೀಗೆ ‘ಸೂಪರ್’ ಅಂದು ಬಿಟ್ಟಿದ್ದರೆ ನನ್ನ ಕೆಲಸ ಎಷ್ಟು ದಿನ ಉಳಿಯುತ್ತಿತ್ತು ಅಂತ ಹೇಳಬೇಕಾಗಿಲ್ಲ.

ನಾಚಿಕೆ ಆದದ್ದು ಯಾಕೆಂದರೆ, ನನಗೆ ಫೋಟೋ ನೋಡುವುದನ್ನು ಕಲಿಸಿದವರು ಒಬ್ಬರಿದ್ದಾರೆ. ಮಂಗಳೂರಿನಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿ, ಡಿಜಿಟಲ್ ಬಂದ ಮೇಲೆ ಬಾಗಿಲು ಹಾಕಿ, ಈಗ ಮನೆಯಲ್ಲಿ ಮಲ್ಲಿಗೆ ಗಿಡ ನೋಡಿಕೊಂಡಿರುವವರು. ಹೆಸರು ಬರೆಯುವುದು ಬೇಡ ಅಂದಿದ್ದಾರೆ. ನಾವು ಐದಾರು ಮಂದಿ ಅವರನ್ನು ‘ಸರ್’ ಅಂತಲೇ ಕರೆಯುವುದು. ತಿಂಗಳಿಗೊಂದು ಭಾನುವಾರ ಸಂಜೆ ಅವರ ಜಗಲಿಯಲ್ಲಿ ಸೇರುತ್ತೇವೆ. ಅಲ್ಲಿ ಮೊಬೈಲಿನಲ್ಲಿ ಫೋಟೋ ತೋರಿಸುವ ಹಾಗಿಲ್ಲ, ಪ್ರಿಂಟ್ ಹಾಕಿಸಿ ತರಬೇಕು. ಒಬ್ಬರಿಗೆ ಎರಡೇ ಪ್ರಿಂಟು. ತಂದವನು ಮೊದಲು ಬಾಯಿ ಬಿಡಬಾರದು. ‘ಇದು ಬೆಳಿಗ್ಗೆ ಐದು ಗಂಟೆಗೆ ಎದ್ದು ತೆಗೆದದ್ದು ಸರ್’ ಅಂತ ಹೊರಟರೆ, ‘ನೀನು ಎದ್ದದ್ದು ಇದರಲ್ಲಿ ಕಾಣುವುದಿಲ್ಲ’ ಅಂತಾರೆ.

ಮೊದಲ ಸಲ ಹೋಗುವಾಗ ನಾನು ತುಂಬ ಧೈರ್ಯದಲ್ಲಿದ್ದೆ. ಒಯ್ದ ಎರಡೂ ಚಿತ್ರಕ್ಕೆ ಆಗಲೇ ನಾನೂರು ಚಿಲ್ಲರೆ ಲೈಕು ಬಿದ್ದಿತ್ತು. ಒಂದು, ಬಂದರಿನ ದಕ್ಕೆಯಲ್ಲಿ ಮೀನು ಮಾರುವ ಹಿರಿಯ ಹೆಂಗಸೊಬ್ಬರ ಮುಖ. ಕಪ್ಪು ಬಿಳುಪು, ಒಂದೊಂದು ಸುಕ್ಕೂ ಎದ್ದು ಕಾಣುವ ಹಾಗೆ ಕಾಂಟ್ರಾಸ್ಟ್ ಏರಿಸಿದ್ದು. ಇನ್ನೊಂದು, ಚಿಕ್ಕಮ್ಮನ ಮನೆಯ ದಾಸವಾಳದ ಗಿಡದಲ್ಲಿ ಗೂಡು ಕಟ್ಟಿದ್ದ ಕೆಮ್ಮೀಸೆ ಪಿಕಳಾರ, ಬಾಯಿ ತೆರೆದ ಮರಿಗಳಿಗೆ ಹುಳ ತಿನ್ನಿಸುತ್ತಿರುವುದು.

ಸರ್ ಪಿಕಳಾರದ ಪ್ರಿಂಟನ್ನು ಬೆಳಕಿಗೆ ಹಿಡಿದರು. ಹತ್ತಿರ ತಂದರು, ದೂರ ಇಟ್ಟರು. ಮೂರು ನಿಮಿಷ ಮಾತಿಲ್ಲ. ನಾನು ಹೊಗಳಿಸಿಕೊಳ್ಳಲು ತಯಾರಾಗಿ ಕೂತಿದ್ದೆ.

‘ಈ ಎಲೆ ಕಡಿದದ್ದು ಯಾರು?’

‘ಯಾವ ಎಲೆ ಸರ್?’

ಅವರು ಪ್ರಿಂಟಿನ ಎಡಮೂಲೆಗೆ ಬೆರಳಿಟ್ಟರು. ಮಸುಕಾದ ಹಸಿರಿನ ನಡುವೆ ಒಂದು ತೊಟ್ಟು, ಓರೆಯಾಗಿ ಕತ್ತರಿ ಹಾಕಿದ ಹಾಗೆ. ಹಾಗೆ ಏನು, ಕತ್ತರಿಯೇ ಹಾಕಿದ್ದು. ಗೂಡಿನ ಮುಂದೆ ಅಡ್ಡ ಬರುತ್ತಿದ್ದ ಏಳೆಂಟು ಎಲೆಗಳನ್ನು ನಾನೇ ಚಿಕ್ಕಮ್ಮನ ಕತ್ತರಿಯಿಂದ ಕತ್ತರಿಸಿದ್ದೆ. ನಾನೂರು ಜನರಲ್ಲಿ ಒಬ್ಬರಿಗೂ ಅದು ಕಂಡಿರಲಿಲ್ಲ.

‘ಮರಿ ಎಂತಾಯಿತು?’

ಹೇಳಿದೆ. ಎರಡು ದಿನ ಬಿಟ್ಟು ಚಿಕ್ಕಮ್ಮ ಫೋನ್ ಮಾಡಿದ್ದರು, ಕೆಂಬೂತ ಬಂದು ಗೂಡು ಖಾಲಿ ಮಾಡಿತಂತೆ. ‘ಪ್ರಕೃತಿ ಅಲ್ವಾ, ಏನು ಮಾಡುವುದು’ ಅಂತ ನಾನು ಸಮಾಧಾನ ಹೇಳಿದ್ದೆ. ಅದನ್ನೂ ಸರ್‌ಗೆ ಹೇಳಿದೆ. ಅವರು ಬೈಯಲಿಲ್ಲ. ‘ಫೋಕಸ್ ಚಂದ ಉಂಟು. ಬೆಳಕು ಸಹ ಚಂದ ಉಂಟು. ಇದನ್ನು ಇನ್ನು ಯಾರಿಗೂ ತೋರಿಸಬೇಡ’ ಅಂದು ಪ್ರಿಂಟನ್ನು ಕೆಳಮುಖ ಮಾಡಿ ಮೇಜಿನ ಮೇಲಿಟ್ಟರು.

ಮೀನು ಮಾರುವ ಅಕ್ಕನ ಚಿತ್ರಕ್ಕೆ ಇನ್ನೂ ಕಡಿಮೆ ಹೊತ್ತು ಹಿಡಿಯಿತು. ‘ಇವರ ಹೆಸರೆಂತ?’ ಗೊತ್ತಿಲ್ಲ ಸರ್. ‘ಅವರಿಗೆ ತೋರಿಸಿದ್ದೀಯಾ?’ ಇಲ್ಲ ಸರ್. ‘ಮತ್ತೆ ನನ್ನ ಹತ್ತಿರ ಯಾಕೆ ತಂದದ್ದು?’

ಆ ರಾತ್ರಿ ನಿದ್ದೆ ಬರಲಿಲ್ಲ. ಸಿಟ್ಟು ಬಂದಿತ್ತು ಅನ್ನುವುದೇ ಸರಿ. ಫೋಟೋ ಬಗ್ಗೆ ಕೇಳಿದರೆ ಇವರು ಫೋಟೋದಲ್ಲಿ ಇಲ್ಲದ್ದರ ಬಗ್ಗೆ ಮಾತಾಡುತ್ತಾರಲ್ಲ! ಬೇರೆಯವರ ಚಿತ್ರಕ್ಕೆ ಅಭಿಪ್ರಾಯ ಹೇಳುವ ಕೆಲಸಕ್ಕೆ ಒಂದು ಕ್ರಮ, ಒಂದು ಇತಿಹಾಸ ಇರಲೇಬೇಕು ಅಂತ ಹುಡುಕಲು ಕೂತೆ. ಇತ್ತು. ನಾನು ಅಂದುಕೊಂಡದ್ದಕ್ಕಿಂತ ಹಳೆಯದು, ನಮ್ಮ ಊರಿಗೆ ಹತ್ತಿರದ್ದು.

ಕನ್ನಡ ನಾಡಿನಲ್ಲಿ ತೆಗೆದ ಫೋಟೋಗಳ ಬಗ್ಗೆ ನನಗೆ ಸಿಕ್ಕ ಅತ್ಯಂತ ಹಳೆಯ ತೀರ್ಪು 1855ರದ್ದು. ಲಿನಿಯಸ್ ಟ್ರೈಪ್ ಅಂತ ಮದ್ರಾಸ್ ಸೈನ್ಯದ ಒಬ್ಬ ಅಧಿಕಾರಿ. ಫೋಟೋಗ್ರಫಿ ಅವನ ಹವ್ಯಾಸ, ಅಂದರೆ ನಮ್ಮ ಹಾಗೇ ವೀಕೆಂಡ್ ಗಿರಾಕಿ. 1854ರ ಡಿಸೆಂಬರಿನಲ್ಲಿ ಈತ ಕಾಗದದ ನೆಗೆಟಿವ್ ಹಾಕುವ ದೊಡ್ಡ ಕ್ಯಾಮೆರಾ ಹೊತ್ತುಕೊಂಡು ಬೇಲೂರು, ಹಳೇಬೀಡಿಗೆ ಹೋದ. ಮರುವರ್ಷದ ಫೆಬ್ರವರಿಯಲ್ಲಿ ಮದ್ರಾಸಿನಲ್ಲಿ ದಕ್ಷಿಣ ಭಾರತದ ಕಚ್ಚಾವಸ್ತು, ಕಲೆ, ಕೈಗಾರಿಕೆಗಳ ದೊಡ್ಡ ಪ್ರದರ್ಶನ ನಡೆದಾಗ ಈ ಚಿತ್ರಗಳನ್ನು ಇಟ್ಟ. ಅಲ್ಲಿನ ತೀರ್ಪುಗಾರರು ಕಾಗದದ ಮೇಲಿನ ದೃಶ್ಯಚಿತ್ರಗಳಲ್ಲಿ ಇದೇ ಅತ್ಯುತ್ತಮ ಸರಣಿ ಅಂದರು. ಮಂಗಳೂರು ಆಗ ಮದ್ರಾಸ್ ಪ್ರೆಸಿಡೆನ್ಸಿಗೇ ಸೇರಿದ್ದರಿಂದ ಅದು ನಮ್ಮ ರಾಜಧಾನಿಯ ತೀರ್ಪೂ ಹೌದು ಅನ್ನಬಹುದು.

ಆ ಒಂದು ಮೆಚ್ಚುಗೆ ಟ್ರೈಪ್‌ನ ಬದುಕನ್ನೇ ತಿರುಗಿಸಿತು. ಅದೇ ವರ್ಷ ಅವನನ್ನು ಬರ್ಮಾಕ್ಕೆ ಹೊರಟ ಸರಕಾರಿ ನಿಯೋಗದ ಜೊತೆ ಕಳಿಸಿದರು. 1856ರಲ್ಲಿ ಮದ್ರಾಸ್ ಸರಕಾರದ ಅಧಿಕೃತ ಫೋಟೋಗ್ರಾಫರ್ ಆದ. ಮಧುರೆ, ತಂಜಾವೂರು ಎಲ್ಲ ಸುತ್ತಿದ. ಇಷ್ಟರಲ್ಲಿ ಮದ್ರಾಸಿನಲ್ಲಿ ಅಲೆಕ್ಸಾಂಡರ್ ಹಂಟರ್ ಮುಂದಾಳತ್ವದಲ್ಲಿ ಫೋಟೋಗ್ರಾಫಿಕ್ ಸೊಸೈಟಿಯೂ ಹುಟ್ಟಿತ್ತು. ಬೊಂಬಾಯಿಯಲ್ಲಿ 1854ರಲ್ಲೇ ಇತ್ತು, ಕಲ್ಕತ್ತೆಯಲ್ಲಿ 1856ರಲ್ಲಿ ಬಂತು. ಸದಸ್ಯರು ಸೇರುವುದು, ಪ್ರಿಂಟ್ ತೋರಿಸುವುದು, ಇದು ಚೆನ್ನಾಗಿದೆ ಇದು ಕೆಟ್ಟಿದೆ ಅನ್ನುವುದು, ರಾಸಾಯನಿಕದ ಲೆಕ್ಕ ಹಂಚಿಕೊಳ್ಳುವುದು. ಸರ್ ಜಗಲಿಯಲ್ಲಿ ನಡೆಯುವುದರ ಅಜ್ಜ ಇದು. ಒಂದೇ ವ್ಯತ್ಯಾಸ ಅಂದರೆ ಅವರಿಗೆ ಗೋಳಿಬಜೆ ಸಿಗುತ್ತಿರಲಿಲ್ಲ.

ಆದರೆ ಟ್ರೈಪ್ ಕತೆ ಅಲ್ಲಿಗೆ ಮುಗಿಯಲಿಲ್ಲ. 1859ರಲ್ಲಿ ಮದ್ರಾಸಿಗೆ ಹೊಸ ಗವರ್ನರ್ ಬಂದ, ಚಾರ್ಲ್ಸ್ ಟ್ರೆವೆಲ್ಯನ್. ಖರ್ಚು ಕಡಿಮೆ ಮಾಡುವ ಉಮೇದಿನವನು. ಸರಕಾರಕ್ಕೆ ಫೋಟೋಗ್ರಾಫರ್ ಅನ್ನುವುದೆಲ್ಲ ಐಷಾರಾಮ ಅಂತ ತೀರ್ಮಾನಿಸಿ ಆ ಕೆಲಸವನ್ನೇ ನಿಲ್ಲಿಸಿಬಿಟ್ಟ. ಟ್ರೈಪ್ ಆಮೇಲೆ ಬದುಕಿದ್ದು ನಾಲ್ಕು ದಶಕ, ತೀರಿಕೊಂಡದ್ದು 1902ರಲ್ಲಿ. ಆ ನಾಲ್ಕು ದಶಕದಲ್ಲಿ ಫೋಟೋ ತೆಗೆದದ್ದು ಇಲ್ಲವೆನ್ನುವಷ್ಟು ಕಡಿಮೆ. ಅವನ ಚಿತ್ರಗಳನ್ನು ನೀವು ನೋಡಬೇಕು. ಬರ್ಮಾದ ಚಿತ್ರಗಳಲ್ಲಿ ಆಕಾಶ ಬೋಳು ಬರುತ್ತದೆ ಅಂತ ನೆಗೆಟಿವ್ ಮೇಲೇ ಬಣ್ಣ ಹಚ್ಚಿ ಮೋಡ ಬರೆದಿದ್ದಾನೆ, ಮಹಾರಾಯ! (ಇವತ್ತಿನ ಆ್ಯಪ್‌ಗಳು ಆಕಾಶ ಬದಲಿಸುವುದನ್ನು ನೋಡಿ ಹಿರಿಯರು ಲೊಚಗುಟ್ಟುವಾಗ ನನಗೆ ಇದು ನೆನಪಾಗುತ್ತದೆ.) ಅಷ್ಟು ಪ್ರೀತಿಯಿಂದ ಕೆಲಸ ಮಾಡುವವನನ್ನು ಎಬ್ಬಿಸಿ ನಿಲ್ಲಿಸಿದ್ದು ಒಂದು ತೀರ್ಪು, ಕೂರಿಸಿದ್ದು ಇನ್ನೊಂದು.

ತೀರ್ಪುಗಾರರು ತಪ್ಪುವುದಿಲ್ಲವೇ? ತಪ್ಪುತ್ತಾರೆ, ಚೆನ್ನಾಗಿಯೇ ತಪ್ಪುತ್ತಾರೆ. ಕಲ್ಕತ್ತೆಯಲ್ಲಿ 1815ರಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ ಅವರಿಗೆ 48ನೇ ವಯಸ್ಸಿನಲ್ಲಿ ಮಗಳು ಒಂದು ಕ್ಯಾಮೆರಾ ಉಡುಗೊರೆ ಕೊಟ್ಟಳು. ಅವರು ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ಮನೆಯಲ್ಲಿ ಕೋಳಿಗೂಡನ್ನೇ ಸ್ಟುಡಿಯೋ ಮಾಡಿಕೊಂಡು, ಮನೆಗೆಲಸದವರನ್ನೂ ಮನೆಗೆ ಬಂದ ಕವಿಗಳನ್ನೂ ಕೂರಿಸಿ ಹತ್ತಿರದಿಂದ ಮುಖ ತೆಗೆದರು. ಫೋಕಸ್ ಮೆದು, ಗಾಜಿನ ಮೇಲೆ ಗೀರು, ಬೆರಳಿನ ಗುರುತು. 1865ರಲ್ಲಿ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿಯ ಪತ್ರಿಕೆ, ಇವರಿಗೆ ಫೋಟೋ ತೆಗೆಯಲೇ ಬರುವುದಿಲ್ಲ ಅನ್ನುವ ಅರ್ಥದಲ್ಲಿ ಬರೆಯಿತು. ಅದೇ ವರ್ಷ ಈಗ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಅಂತ ಕರೆಯುವ ಮ್ಯೂಸಿಯಂ ಅವರ ಪ್ರಿಂಟುಗಳನ್ನು ಕೊಂಡುಕೊಂಡಿತು. ಟೀಕೆ ಬರೆದವರು ಹೇಳಿದ ದೋಷ ಒಂದೊಂದೂ ನಿಜ. ಗೀರು ಇತ್ತು, ಬೆರಳಿನ ಗುರುತು ಇತ್ತು. ಅವರು ಮುಖ ನೋಡುವುದನ್ನು ಮರೆತಿದ್ದರು, ಅಷ್ಟೇ.

ಇದಕ್ಕೆ ತಿರುವುಮುರುವಾದ ಕತೆಯೊಂದಿದೆ, ನನಗೆ ಬಹಳ ಇಷ್ಟವಾದದ್ದು. ನ್ಯೂಯಾರ್ಕಿನಲ್ಲಿ ಪಾಲ್ ಸ್ಟ್ರಾಂಡ್ ಅನ್ನುವ ಹುಡುಗ ತನ್ನ ಪ್ರಿಂಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಆಲ್ಫ್ರೆಡ್ ಸ್ಟೀಗ್ಲಿಟ್ಸ್‌ರ ಗ್ಯಾಲರಿಗೆ ಹೋಗುತ್ತಿದ್ದ. ಸ್ಟೀಗ್ಲಿಟ್ಸ್ ಆಗ ದೊಡ್ಡ ಹೆಸರು. ಅವರೂ ಒಂದು ಕಾಲಕ್ಕೆ ಹೀಗೇ ಸ್ಪರ್ಧೆಗೆ ಕಳಿಸಿದವರೇ. 1887ರಲ್ಲಿ ಇಂಗ್ಲೆಂಡಿನ ‘ಅಮೆಚೂರ್ ಫೋಟೋಗ್ರಾಫರ್’ ಪತ್ರಿಕೆಯ ಸ್ಪರ್ಧೆಯಲ್ಲಿ ಅವರಿಗೆ ಮೊದಲ ಬಹುಮಾನ ಕೊಟ್ಟದ್ದು ಪಿ.ಎಚ್. ಎಮರ್ಸನ್. ಸ್ಟ್ರಾಂಡ್ ಆಗಿನ ಫ್ಯಾಷನ್ನಿನ ಹಾಗೆ ಮೆದು ಫೋಕಸ್ಸಿನ ಲೆನ್ಸ್ ಬಳಸುತ್ತಿದ್ದ. ಸ್ಟೀಗ್ಲಿಟ್ಸ್ ಹೇಳಿದ್ದರ ಸಾರ ಇದು: ಈ ಲೆನ್ಸು ಎಲ್ಲವನ್ನೂ ಒಂದೇ ಮಾಡುತ್ತದೆ, ಹುಲ್ಲೂ ನೀರೂ ಮರದ ತೊಗಟೆಯೂ ಒಂದೇ ತರ ಕಾಣುತ್ತವೆ. ಕಿಂಡಿ ಚಿಕ್ಕದು ಮಾಡು. ಇಷ್ಟೇ. ‘ನಿನ್ನಲ್ಲಿ ಪ್ರತಿಭೆ ಇದೆ’ ಅನ್ನುವ ಮಾತೂ ಅಲ್ಲ, ‘ನಿನಗೆ ಬರುವುದಿಲ್ಲ’ ಅನ್ನುವುದೂ ಅಲ್ಲ, ನಾಳೆ ಬೆಳಿಗ್ಗೆ ಮಾಡಿ ನೋಡಬಹುದಾದ ಒಂದು ಕೆಲಸ. ಹುಡುಗ ಮಾಡಿ ನೋಡಿದ. 1916ರಲ್ಲಿ ಸ್ಟೀಗ್ಲಿಟ್ಸ್ ತಮ್ಮ ‘ಕ್ಯಾಮೆರಾ ವರ್ಕ್’ ಪತ್ರಿಕೆಯಲ್ಲಿ ಅವನ ಚಿತ್ರ ಹಾಕಿದರು. 1917ರಲ್ಲಿ ಬಂದ ಕೊನೆಯ ಸಂಚಿಕೆಯಲ್ಲಿ ಬರೀ ಅವನ ಚಿತ್ರಗಳೇ.

ಮೆದು ಫೋಕಸ್ಸು ಕ್ಯಾಮರೂನ್ ಕೈಯಲ್ಲಿ ಸರಿ, ಸ್ಟ್ರಾಂಡ್ ಕೈಯಲ್ಲಿ ತಪ್ಪು. ಇದನ್ನು ರೂಲ್ ಬುಕ್ಕಿನಲ್ಲಿ ಹೇಗೆ ಬರೆಯುತ್ತೀರಿ?

ನನ್ನ ಪಿಕಳಾರದ ಗೂಡಿಗೆ ಬರುತ್ತೇನೆ. ಅದರ ಇತಿಹಾಸ ಓದಿದಾಗ ನನಗೆ ಸ್ವಲ್ಪ ಜಾಮೀನು ಸಿಕ್ಕಿದ ಹಾಗಾಯಿತು, ಮತ್ತೆ ಅದೂ ಹೋಯಿತು. ಹಕ್ಕಿ ಫೋಟೋಗ್ರಫಿ ಹುಟ್ಟಿದ್ದೇ ಗೂಡಿನಲ್ಲಿ. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕೀರ್ಟನ್ ಅಣ್ಣತಮ್ಮಂದಿರು 1892ರಲ್ಲಿ ಮೊಟ್ಟೆ ಇರುವ ಗೂಡಿನ ಚಿತ್ರ ತೆಗೆದರು. 1895ರಲ್ಲಿ ಹಕ್ಕಿಗೂಡುಗಳ ಬಗ್ಗೆ ಅವರ ಪುಸ್ತಕ ಬಂತು. ಹಕ್ಕಿಗೆ ಗೊತ್ತಾಗಬಾರದು ಅಂತ ಎತ್ತಿನ ಚರ್ಮ ಹೊದಿಸಿದ ಟೊಳ್ಳು ಎತ್ತಿನೊಳಗೆ ಕ್ಯಾಮೆರಾ ಇಟ್ಟುಕೊಂಡು ಕೂತವರು ಅವರು. ನಮ್ಮ ದೇಶದಲ್ಲಿ ಇ.ಎಚ್.ಎನ್. ಲೌದರ್ ಅವರ ‘ಎ ಬರ್ಡ್ ಫೋಟೋಗ್ರಾಫರ್ ಇನ್ ಇಂಡಿಯಾ’ 1949ರಲ್ಲಿ ಬಂತು. ಅದರಲ್ಲೂ ಗೂಡೇ ಗೂಡು.

ಕಾರಣ ಸರಳ. ಫಿಲ್ಮು ನಿಧಾನ, ಕ್ಯಾಮೆರಾ ಭಾರ, ಉದ್ದದ ಲೆನ್ಸು ಇಲ್ಲ. ಹಾರುವ ಹಕ್ಕಿಯ ಹಿಂದೆ ಓಡುವ ಹಾಗಿಲ್ಲ. ಅದು ಖಂಡಿತ ವಾಪಸ್ ಬರುವ ಜಾಗ ಒಂದೇ, ಗೂಡು. ಹತ್ತಿರದಲ್ಲಿ ಮರೆ ಕಟ್ಟಿ, ದಿನಕ್ಕೆ ಸ್ವಲ್ಪ ಸ್ವಲ್ಪ ಮುಂದೆ ಸರಿಸಿ, ಹಕ್ಕಿಗೆ ಅಭ್ಯಾಸವಾದ ಮೇಲೆ ಒಳಗೆ ಕೂತು ಗಂಟೆಗಟ್ಟಲೆ ಕಾಯುವುದು. ಅಪಾಯ ತೆಗೆಯುವವನಿಗೂ ಇತ್ತು. ಎರಿಕ್ ಹಾಸ್ಕಿಂಗ್ ಅನ್ನುವ ಪ್ರಸಿದ್ಧ ಫೋಟೋಗ್ರಾಫರ್ 1937ರಲ್ಲಿ ಗೂಬೆಯೊಂದರ ಉಗುರಿಗೆ ಒಂದು ಕಣ್ಣು ಕಳೆದುಕೊಂಡರು.

ಇದನ್ನು ಮುಂದಿನ ಭೇಟಿಯಲ್ಲಿ ಸರ್ ಮುಂದೆ ಇಟ್ಟೆ. ‘ಹಳಬರೆಲ್ಲ ಗೂಡಿನದ್ದೇ ತೆಗೆದದ್ದಲ್ವಾ ಸರ್?’ ಅವರು ನಕ್ಕರು. ‘ನಾನೂ ತೆಗೆದಿದ್ದೇನೆ. ಅಡ್ಡ ಬರುವ ಗೆಲ್ಲನ್ನು ನೂಲಿನಲ್ಲಿ ಕಟ್ಟಿ ಪಕ್ಕಕ್ಕೆ ಎಳೆಯುವುದು, ಫೋಟೋ ಆದ ಕೂಡಲೇ ಬಿಡುವುದು. ಎಲೆ ಅಂದರೆ ಗೂಡಿಗೆ ಮಾಡು. ಮಾಡು ತೆಗೆದರೆ ಬಿಸಿಲೂ ಬರುತ್ತದೆ, ಕೆಂಬೂತವೂ ಬರುತ್ತದೆ.’ ಸ್ವಲ್ಪ ಹೊತ್ತು ಬಿಟ್ಟು, ‘ಆದರೆ ಈಗ ಅದೂ ಬೇಡ. ನಮ್ಮ ಹತ್ತಿರ ಆಗ ಬೇರೆ ದಾರಿ ಇರಲಿಲ್ಲ. ನಿನ್ನ ಹತ್ತಿರ ಆರುನೂರು ಎಂಎಂ ಲೆನ್ಸ್ ಉಂಟಲ್ಲ ಮಾರಾಯ’ ಅಂದರು.

ಅಲ್ಲಿಗೆ ನನ್ನ ಜಾಮೀನು ರದ್ದು. ಇವತ್ತು ನಮ್ಮ ದೇಶದ ಅನೇಕ ಸಲಾನ್‌ಗಳ ನಿಯಮದಲ್ಲೇ ಗೂಡಿನ ಚಿತ್ರ ಬೇಡ ಅಂತ ಬರೆದಿರುತ್ತದೆ. 1960ರಲ್ಲಿ ಪದಕ ಸಿಗಬಹುದಾಗಿದ್ದ ಪ್ರಿಂಟು ಇವತ್ತು ಮೊದಲ ಸುತ್ತಿನಲ್ಲೇ ಹೊರಗೆ.

ಸಲಾನ್ ಅಂದರೆ ಕ್ಷೌರದಂಗಡಿ ಅಲ್ಲ, ಫೋಟೋ ಸ್ಪರ್ಧೆ ಮತ್ತು ಪ್ರದರ್ಶನ. ಈ ಲೋಕದಲ್ಲಿ ಕರ್ನಾಟಕದ ಹೆಸರು ದೊಡ್ಡದು, ನಮ್ಮ ತಲೆಮಾರಿಗೆ ಗೊತ್ತಿರುವುದು ಕಡಿಮೆ. ಬೇರೆ ಬೇರೆ ದೇಶಗಳ ಫೋಟೋ ಕ್ಲಬ್ಬುಗಳನ್ನು ಒಂದು ಮಾಡುವ ಅಂತಾರಾಷ್ಟ್ರೀಯ ಒಕ್ಕೂಟ ‘ಫಿಯಾಪ್’ 1950ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಹುಟ್ಟಿತು. ನಮ್ಮ ದೇಶದ ಕ್ಲಬ್ಬುಗಳ ಒಕ್ಕೂಟ, ಫೆಡರೇಶನ್ ಆಫ್ ಇಂಡಿಯನ್ ಫೋಟೋಗ್ರಫಿ, 1953ರಲ್ಲಿ ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರು ಬೆಂಗಳೂರಿನ ಜಿ. ಥಾಮಸ್. ಭಾರತದ ಫೋಟೋಗ್ರಫಿಯ ಇತಿಹಾಸವನ್ನು ಪುಸ್ತಕವಾಗಿ ಬರೆದವರೂ ಅವರೇ. ಬೆಂಗಳೂರಿನಲ್ಲಿ ಮೈಸೂರು ಫೋಟೋಗ್ರಾಫಿಕ್ ಸೊಸೈಟಿ ಇತ್ತು, 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಬಂತು. ಅದು ಇವತ್ತಿಗೂ ನಡೆಯುತ್ತಿದೆ. ಸಿ. ರಾಜಗೋಪಾಲ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ ಎಲ್ಲ ಇದೇ ಪರಂಪರೆಯವರು. ಘೋರ್ಪಡೆಯವರು 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿ. ಬಜೆಟ್ ಮಂಡಿಸುವ ಮನುಷ್ಯ ರಜೆಯಲ್ಲಿ ಸಂಡೂರಿನ ಗುಡ್ಡದಲ್ಲಿ ಪ್ರಾಣಿಗಳಿಗಾಗಿ ಕಾದು ಕೂರುತ್ತಿದ್ದರು. ಅವರ ‘ಸನ್‌ಲೈಟ್ ಆ್ಯಂಡ್ ಶ್ಯಾಡೋಸ್’ 1983ರಲ್ಲಿ ಬಂತು. ನಮಗೆ ಸ್ಪ್ರಿಂಟ್ ಮುಗಿಯುವುದಿಲ್ಲ ಅಂತ ಕ್ಯಾಮೆರಾ ಬ್ಯಾಗಿನಲ್ಲೇ ಇರುತ್ತದೆ!

ಪೆರುಮಾಳ್ ಬಗ್ಗೆ ಎರಡು ಮಾತು ಹೆಚ್ಚು ಬೇಕು. ಅವರನ್ನು ತಿದ್ದಿದವರು ಬೆಂಗಳೂರಿನ ನಿಸರ್ಗಪ್ರೇಮಿ ಒ.ಸಿ. ಎಡ್ವರ್ಡ್ಸ್. ಪೆರುಮಾಳ್ ಮುಂದೆ ಎಷ್ಟೋ ಮಂದಿಯನ್ನು ತಿದ್ದಿದರು, 2017ರಲ್ಲಿ ತೀರಿಕೊಳ್ಳುವವರೆಗೂ. ಹೀಗೆ ಒಬ್ಬರಿಂದ ಒಬ್ಬರಿಗೆ ಪಕ್ಕದಲ್ಲಿ ಕೂತು ಹೇಳಿದ ಮಾತು ಎಲ್ಲಿಯೂ ಅಚ್ಚಾಗಿರುವುದಿಲ್ಲ. ಬಿರುದುಗಳು ಅಚ್ಚಾಗುತ್ತವೆ. ನಮಗೆ ಹೆಸರಿನ ಮುಂದೆ ಕಾಣುವುದು ಎಫ್‌ಆರ್‌ಪಿಎಸ್, ಎಂಎಫ್‌ಐಎಪಿ. ಅದರ ಹಿಂದೆ ಯಾರೋ ‘ಇದು ಬೇಡ, ಇನ್ನೊಮ್ಮೆ ಹೋಗಿ ತೆಗಿ’ ಅಂದದ್ದು ಕಾಣುವುದಿಲ್ಲ.

ಅವರ ಕಾಲದ ಫಿಲ್ಮಿನ ಲೆಕ್ಕವನ್ನು ಒಮ್ಮೆ ನೆನಪಿಸಿಕೊಳ್ಳಿ. ವಿದೇಶಿ ಫಿಲ್ಮಿಗೆ ಆಮದು ನಿರ್ಬಂಧ. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು ಸಿಕ್ಕರೆ ಪುಣ್ಯ. ರೋಲಿಗೆ 36 ಚಿತ್ರ, ಮನೆಯ ಆಗ್ಫಾ ಕ್ಲಿಕ್ ಡಬ್ಬಿ ಕ್ಯಾಮೆರಾದಲ್ಲಿ ಬರೀ ಹನ್ನೆರಡು. ಹೀಗಿರುವಾಗ ಕ್ಲಬ್ಬಿಗೆ ಒಬ್ಬ ಎರಡು ಪ್ರಿಂಟು ತಂದಿದ್ದಾನೆ ಅಂದರೆ ಅದರ ಹಿಂದೆ ಒಂದು ತಿಂಗಳ ದುಡ್ಡೂ ಕತ್ತಲೆಕೋಣೆಯ ರಾತ್ರಿಗಳೂ ಇವೆ ಅಂತ ಎದುರು ಕೂತವನಿಗೂ ಗೊತ್ತು. ನೋಡದೆ ‘ಸೂಪರ್’ ಅನ್ನಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ. ಇಂಗ್ಲೆಂಡಿನಲ್ಲಂತೂ ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೇ ಅಂಚೆ ಕ್ಲಬ್ಬುಗಳಿದ್ದವು. ಪ್ರಿಂಟುಗಳ ಒಂದು ಪೆಟ್ಟಿಗೆ ಊರಿಂದೂರಿಗೆ ಅಂಚೆಯಲ್ಲಿ ಹೋಗುತ್ತದೆ, ಪ್ರತಿಯೊಬ್ಬ ಸದಸ್ಯನೂ ನೋಡಿ, ಟೀಕೆ ಬರೆದು, ಮುಂದಿನವನಿಗೆ ಕಳಿಸಬೇಕು. ತನ್ನ ಚಿತ್ರಕ್ಕೆ ಬಂದ ಮಾತು ಓದಲು ವಾರಗಟ್ಟಲೆ ಕಾಯುವುದು. ನಮಗೆ ನೀಲಿ ಟಿಕ್ ಬೀಳದಿದ್ದರೆ ಹತ್ತು ನಿಮಿಷಕ್ಕೆ ಬಿಪಿ.

ಹಾಗಂತ ಸಲಾನ್ ತೀರ್ಪೇ ದೊಡ್ಡದು ಅಂತ ನಾನು ಹೇಳುತ್ತಿಲ್ಲ. ಅದು ನಡೆಯುವ ಕ್ರಮ ಹೀಗೆ: ಮೂವರು ತೀರ್ಪುಗಾರರು, ಎದುರಿಗೆ ಒಂದರ ಹಿಂದೆ ಒಂದು ಚಿತ್ರ, ಪ್ರತಿಯೊಂದಕ್ಕೂ ಕೆಲವೇ ಸೆಕೆಂಡು, ಅಂಕ, ಮೂವರ ಅಂಕ ಕೂಡಿಸಿದರೆ ಆಯಿತು. ಇಷ್ಟರ ಮೇಲಿದ್ದರೆ ಒಳಗೆ, ಕೆಳಗಿದ್ದರೆ ಹೊರಗೆ. ಮನೆಗೆ ಬರುವುದು ಒಂದು ಸಂಖ್ಯೆ. ಯಾಕೆ ಅಂತ ಯಾರೂ ಹೇಳುವುದಿಲ್ಲ. ನೂರಾರು ಚಿತ್ರ ನೋಡುವ ಕಣ್ಣಿಗೆ ಬೇಗ ಹೊಡೆಯುವ ಚಿತ್ರ ಗೆಲ್ಲುತ್ತದೆ. ಹಾಗಾಗಿ ಒಂದೊಂದು ಕಾಲಕ್ಕೆ ಒಂದೊಂದು ಖಾಯಿಲೆ: ಹೊಗೆಯಲ್ಲಿ ಓದುವ ಬಾಲಸನ್ಯಾಸಿ, ಧೂಳೆಬ್ಬಿಸಿ ಓಡುವ ಕುರಿಮಂದೆ, ಕಂಬಳದಲ್ಲಿ ಕೆಸರು ಚಿಮ್ಮಿಸುವ ಕೋಣ. ಕಂಬಳ ನಮ್ಮದೇ ಆದ್ದರಿಂದ ಹೇಳುವ ಹಕ್ಕು ನನಗಿದೆ. ಗದ್ದೆಯ ಕೊನೆಯಲ್ಲಿ ಸಾಲಾಗಿ ಮಂಡಿಯೂರಿದ ಕ್ಯಾಮೆರಾಗಳನ್ನು ನೋಡಿದರೆ ಕೋಣಕ್ಕಿಂತ ಅವುಗಳಿಗೇ ಕೆಸರು ಜಾಸ್ತಿ. ನಾನೂ ಆ ಸಾಲಿನಲ್ಲಿದ್ದವನೇ.

ನಿಸರ್ಗ ವಿಭಾಗಕ್ಕೆ ಬಂದರೆ ನಿಯಮ ಗಟ್ಟಿ. ಫಿಯಾಪ್, ಅಮೆರಿಕದ ಪಿಎಸ್‌ಎ ಮತ್ತು ಇಂಗ್ಲೆಂಡಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಮೂರೂ ಸೇರಿ ನಿಸರ್ಗ ಚಿತ್ರ ಅಂದರೆ ಏನು ಅಂತ ಒಂದೇ ವ್ಯಾಖ್ಯೆ ಒಪ್ಪಿಕೊಂಡಿವೆ, 2015ರಿಂದ ಅದು ಜಾರಿಯಲ್ಲಿದೆ. ಚಿತ್ರಕ್ಕೆ ಏನನ್ನೂ ಸೇರಿಸುವ ಹಾಗಿಲ್ಲ, ಜಾಗ ಬದಲಿಸುವ ಹಾಗಿಲ್ಲ. ತೆಗೆದುಹಾಕುವುದಿದ್ದರೆ ಅಂಚು ಕತ್ತರಿಸಿ ಮಾತ್ರ. ಕಂಪ್ಯೂಟರಿನಲ್ಲಿ ಒಂದು ಹುಲ್ಲುಕಡ್ಡಿ ಅಳಿಸಿದರೂ ಅನರ್ಹ. ನಾನು ಯೋಚಿಸಿದ್ದು ಇದನ್ನೇ: ನನ್ನ ಪಿಕಳಾರದಲ್ಲಿ ಕಂಪ್ಯೂಟರು ಒಂದು ಪಿಕ್ಸೆಲ್ ಮುಟ್ಟಿರಲಿಲ್ಲ. ಅಳಿಸಿದ್ದು ಗಿಡದಲ್ಲಿ. ಫೈಲ್ ಎಷ್ಟು ಪರೀಕ್ಷಿಸಿದರೂ ನಾನು ಪ್ರಾಮಾಣಿಕನೇ. ಸಿಕ್ಕಿಬಿದ್ದದ್ದು ಒಬ್ಬರು ಮೂರು ನಿಮಿಷ ನೋಡಿದ್ದರಿಂದ.

ಇನ್ನು ಮುಖದ ವಿಷಯ. ಇಲ್ಲಿ ಸರ್ ಕೇಳಿದ ಪ್ರಶ್ನೆ ಸ್ಟುಡಿಯೋದವರ ಪ್ರಶ್ನೆ ಅಂತ ನನಗೆ ತಡವಾಗಿ ಹೊಳೆಯಿತು. ಕ್ಲಬ್ಬಿನಲ್ಲಿ ಚಿತ್ರ ಒಪ್ಪುವವನು ತೀರ್ಪುಗಾರ. ಸ್ಟುಡಿಯೋದಲ್ಲಿ ಒಪ್ಪುವವನು ಚಿತ್ರದಲ್ಲಿರುವವನೇ. ಮದುವೆಗೆ ಹೆಣ್ಣು ನೋಡಲು ಕಳಿಸುವ ಫೋಟೋ ಸರಿ ಬರಲಿಲ್ಲ ಅಂದರೆ ತಾಯಿ ಬಂದು ಜಗಳ ಮಾಡುತ್ತಿದ್ದರು, ಇನ್ನೊಮ್ಮೆ ತೆಗೆಯಬೇಕು. ಸರ್ ಕೈಯಲ್ಲಿ ಚೂಪು ಮಾಡಿದ ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ಒಂದೊಂದೇ ಸುಕ್ಕು ತುಂಬಿದವರು. ನಾನು ಕಂಪ್ಯೂಟರಿನಲ್ಲಿ ಕೂತು ಒಂದೊಂದೇ ಸುಕ್ಕು ಆಳ ಮಾಡಿದವನು. ಇಬ್ಬರೂ ತಿದ್ದಿದ್ದೇ. ಅವರು ತಿದ್ದಿದ್ದು ಎದುರು ಕೂತವರಿಗಾಗಿ, ನಾನು ತಿದ್ದಿದ್ದು ಎಲ್ಲೋ ಇರುವ ನಾನೂರು ಜನರಿಗಾಗಿ.

ಈ ಊರಿಗೆ ಹೆಸರಿಲ್ಲದ ಮುಖಗಳ ಇತಿಹಾಸವೂ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಮುದ್ರಣಾಲಯ, ಹೆಂಚಿನ ಕಾರ್ಖಾನೆ, ಪತ್ರಿಕೆ ತಂದದ್ದು ನಮಗೆ ಶಾಲೆಯಲ್ಲೇ ಗೊತ್ತು. ಅವರ ಫೋಟೋಗಳ ದೊಡ್ಡ ಸಂಗ್ರಹವೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದೆ. ನಮ್ಮ ಗುಡ್ಡ, ತೋಟ, ಇಗರ್ಜಿ, ನೇಯ್ಗೆ ಮಗ್ಗ ಎಲ್ಲ ಅದರಲ್ಲಿದೆ. ಕೂತು ನೋಡಿದರೆ ಪಾದ್ರಿಗಳಿಗೆ ಹೆಸರಿದೆ, ಪಕ್ಕದಲ್ಲಿ ನಿಂತವರಲ್ಲಿ ಬಹಳ ಮಂದಿಗೆ ಇಲ್ಲ. ಜಾತಿ ಉಂಟು, ಕಸುಬು ಉಂಟು, ಊರು ಉಂಟು. 1868ರಿಂದ 1875ರವರೆಗೆ ಎಂಟು ಸಂಪುಟದಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ ಅನ್ನುವ ಸರಕಾರಿ ಪುಸ್ತಕದಲ್ಲೂ ಇದೇ ಕತೆ, ಮನುಷ್ಯರೆಲ್ಲ ಮಾದರಿಗಳು. ಓದುತ್ತ ಕೋಪ ಬಂತು. ಆಮೇಲೆ ನನ್ನದೇ ಪೋಸ್ಟ್ ತೆಗೆದು ನೋಡಿದೆ. ನಾನು ಹಾಕಿದ್ದ ಶೀರ್ಷಿಕೆ: ‘ಮೀನುಗಾರ ಮಹಿಳೆ, ಮಂಗಳೂರು’.

ಇದೇ ಕಾರಣಕ್ಕೆ ನನಗೆ ತೇಜಸ್ವಿ ತೆಗೆದ ಕುವೆಂಪು ಚಿತ್ರಗಳು ಬೇರೆ ತರ ಕಾಣುತ್ತವೆ. ಮೂಡಿಗೆರೆಯ ಕಾಡಿನಲ್ಲಿ ಹಕ್ಕಿಗಾಗಿ ಕಾದು ಕೂರುತ್ತಿದ್ದ ಮನುಷ್ಯ ಅದೇ ಕ್ಯಾಮೆರಾವನ್ನು ಅಪ್ಪನ ಕಡೆ ತಿರುಗಿಸಿದ್ದು. ಅಲ್ಲಿ ಮಹಾಕವಿ ಪೋಸು ಕೊಟ್ಟು ಕೂತಿಲ್ಲ, ಮನೆಯವನೊಬ್ಬ ಹತ್ತಿರದಲ್ಲಿದ್ದಾನೆ ಅನ್ನುವ ನಿರಾಳ ಇದೆ. ಇದು ನನ್ನ ಕಣ್ಣಿಗೆ ಕಂಡದ್ದು, ನಿಮಗೆ ಬೇರೆ ಕಾಣಬಹುದು.

ಕೊನೆಗೆ ಒಂದು ಶನಿವಾರ ಬೆಳಿಗ್ಗೆ ಪ್ರಿಂಟ್ ಹಿಡಿದುಕೊಂಡು ದಕ್ಕೆಗೆ ಹೋದೆ. ಅಕ್ಕ ಬಂಗುಡೆ ಬುಟ್ಟಿಯ ಹಿಂದೆ ಕೂತಿದ್ದರು. ಕೈ ಒರೆಸಿಕೊಂಡು ಪ್ರಿಂಟ್ ತೆಗೆದುಕೊಂಡರು. ಸರ್ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಪಕ್ಕದ ಬುಟ್ಟಿಯವರೂ ಬಗ್ಗಿ ನೋಡಿದರು.

‘ಯಾನ್ ಈತ್ ಪರಬು ಆತೆನಾ?’ ಅಂದರು. ನಾನು ಇಷ್ಟು ಮುದುಕಿ ಆಗಿದ್ದೇನಾ ಅಂತ.

ಏನು ಹೇಳಬೇಕು ತೋಚಲಿಲ್ಲ. ‘ಇಲ್ಲ ಅಕ್ಕ, ಅದು ಕಂಪ್ಯೂಟರಿನಲ್ಲಿ ಹಾಗೆ ಮಾಡಿದ್ದು’ ಅಂದೆ.

‘ಯಾಕೆ?’ ಅಂತ ಕೇಳಿದರು. ಬೈದು ಕೇಳಿದ್ದಲ್ಲ, ನಿಜಕ್ಕೂ ಗೊತ್ತಾಗದೆ ಕೇಳಿದ್ದು. ನಾನು ಓದಿದ ಎಮರ್ಸನ್ನು, ಸ್ಟೀಗ್ಲಿಟ್ಸು, ಫಿಯಾಪು ಯಾವುದೂ ಆ ಪ್ರಶ್ನೆಗೆ ಒದಗಿ ಬರಲಿಲ್ಲ. ಬಂಗುಡೆ ಮೇಲೆ ನೊಣ ಓಡಿಸುತ್ತ ಅವರೇ ಮಾತು ಬದಲಿಸಿದರು. ‘ಮುಂದಿನ ವಾರ ಮೊಮ್ಮಗಳ ಎಂಗೇಜ್‌ಮೆಂಟ್ ಉಂಟು ಮಗ. ಅವತ್ತು ಬಾ. ರೇಷ್ಮೆ ಸೀರೆ ಉಡುತ್ತೇನೆ. ಅವತ್ತು ತೆಗಿ, ಬಣ್ಣದ್ದು.’

ಹೆಸರು ಕೇಳಿದೆ, ಹೇಳಿದರು. ಇಲ್ಲಿ ಬರೆಯಲಾ ಅಂತಲೂ ಕೇಳಿದೆ, ಬೇಡ ಅಂದರು.

ಎಂಗೇಜ್‌ಮೆಂಟಿಗೆ ಹೋದೆ. ಹಸಿರು ರೇಷ್ಮೆ, ತಲೆಗೆ ಮಲ್ಲಿಗೆ, ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿ. ಕೈ ಎಲ್ಲಿಡಬೇಕು, ಯಾವ ಕಡೆ ತಿರುಗಬೇಕು ಎಲ್ಲ ಅವರೇ ತೀರ್ಮಾನ ಮಾಡಿದರು. ಹಿನ್ನೆಲೆಯಲ್ಲಿ ಕ್ಯಾಲೆಂಡರ್ ಬಂದಿದೆ, ಒಂದು ಮೂಲೆಯಲ್ಲಿ ಯಾರದೋ ಮೊಣಕೈ. ಯಾವ ಸಲಾನಿನಲ್ಲೂ ಮೂವರು ತೀರ್ಪುಗಾರರ ಮುಂದೆ ಅದು ನಾಲ್ಕು ಸೆಕೆಂಡು ನಿಲ್ಲುವುದಿಲ್ಲ. ಎರಡು ಕಾಪಿ ಹಾಕಿಸಿದೆ. ಒಂದನ್ನು ಅವರು ಫ್ರೇಮ್ ಹಾಕಿಸಿ ಟಿವಿ ಮೇಲೆ ತೂಗುಹಾಕಿದ್ದಾರೆ.

ಇನ್ನೊಂದು ನನ್ನ ಬ್ಯಾಗಿನಲ್ಲಿದೆ. ಈ ಭಾನುವಾರ ಸರ್ ಜಗಲಿಗೆ ಒಯ್ಯಬೇಕು ಅಂತಿದ್ದೇನೆ. ಆ ಮೊಣಕೈ ಯಾರದ್ದು ಅಂತ ಅವರು ಖಂಡಿತ ಕೇಳುತ್ತಾರೆ. ಅಷ್ಟರಲ್ಲಿ ಅಕ್ಕನಿಗೆ ಫೋನ್ ಮಾಡಿ ಕೇಳಿಟ್ಟುಕೊಳ್ಳಬೇಕು.